ಗೃಹಪ್ರವೇಶಕ್ಕೆ ಬಂದ ರಷ್ಯದ ದೋಣಿ

ಗೋಡೆಗೆ ಮೊಳೆ ಹೊಡೆಯುವುದು ಗಂಡನ ಕೆಲಸ. ಆ ಮೊಳೆಗೆ ಏನನ್ನು ತೂಗುಹಾಕಬೇಕೆಂದು ತೀರ್ಮಾನಿಸುವುದು ಅವನ ಕೆಲಸವಲ್ಲ. ಈ ಸತ್ಯ ಗೊತ್ತಿದ್ದೂ ನಾನು ಒಮ್ಮೆ ಮೂಗು ತೂರಿಸಿದೆ. ಸಾಫ್ಟ್‌ವೇರ್ ಕಂಪನಿಯ ಮ್ಯಾನೇಜರಾಗಿ ಕೋಲ್ಕತ್ತಕ್ಕೆ ಬಂದು, ಸಂಬಳದ ಧೈರ್ಯದ ಮೇಲೆ ಟಾಲಿಗಂಜ್‌ನಲ್ಲಿ ಫ್ಲ್ಯಾಟು ಕೊಂಡ ಹೊಸತು. ನಮ್ಮ ಕಡೆ ಗೋಡೆಯ ಮೇಲೆ ದೇವರಿರುತ್ತಾರೆ, ತೀರಿಕೊಂಡ ಹಿರಿಯರಿರುತ್ತಾರೆ, ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರ್ ಇರುತ್ತದೆ. ಬಂಗಾಳಿಗಳ ಮನೆಯಲ್ಲಿ ಕಲೆ ಇರುತ್ತದೆ, ಅದರ ಕೆಳಗೆ ನಿಂತು ಕಾಫಿ ಆರುವವರೆಗೆ ಮಾತಾಡಬಲ್ಲ ಯಜಮಾನನೂ ಇರುತ್ತಾನೆ. ಹಾಗೆ ನಿಲ್ಲುವ ಚಪಲ ನನಗೂ ಹತ್ತಿತು.

ನನಗೆ ಗೊತ್ತಿದ್ದ ಕಲೆ ಒಂದೇ. ನಾನು ಮೈಸೂರಿನಲ್ಲಿ ಓದುವಾಗ ರಷ್ಯದಿಂದ ಅಗ್ಗದ, ನುಣುಪು ಕಾಗದದ ಪತ್ರಿಕೆಗಳು ಬರುತ್ತಿದ್ದವು. ಅವನ್ನು ಯಾರೂ ಓದುತ್ತಿರಲಿಲ್ಲ. ಪುಸ್ತಕಕ್ಕೆ ಬೈಂಡ್ ಹಾಕುತ್ತಿದ್ದೆವು. ನನ್ನ ಗಣಿತದ ಪುಸ್ತಕದ ಮೇಲೆ ಇಡೀ ವರ್ಷ ಒಂದು ಹಳೆಯ ವರ್ಣಚಿತ್ರವಿತ್ತು. ಹರಕು ಬಟ್ಟೆಯ ಕೂಲಿಗಳ ಒಂದು ಗುಂಪು ಎದೆಗೆ ಪಟ್ಟಿ ಬಿಗಿದುಕೊಂಡು ನದಿಯ ದಡದಲ್ಲಿ ಬಗ್ಗಿ ನಡೆಯುತ್ತ, ಭಾರೀ ದೋಣಿಯೊಂದನ್ನು ಎಳೆಯುತ್ತಿದ್ದಾರೆ. ಒಳಗಿದ್ದ ಬೀಜಗಣಿತಕ್ಕೂ ಅವರ ಮುಖಕ್ಕೂ ಒಳ್ಳೆಯ ಹೊಂದಾಣಿಕೆಯಿತ್ತು. ಇಂಥ ರಷ್ಯನ್ ಚಿತ್ರಗಳನ್ನು ಕೈಯಿಂದಲೇ ಎಣ್ಣೆಬಣ್ಣದಲ್ಲಿ ನಕಲು ಮಾಡಿಕೊಡುವ ನಿಮಾಯಿದಾ ಎಂಬವರು ನಮ್ಮ ಬೀದಿಯಲ್ಲೇ ಇದ್ದಾರೆಂದು ತಿಳಿದಾಗ ನನ್ನನ್ನು ಹಿಡಿಯುವವರಿರಲಿಲ್ಲ.

ನಿಮಾಯಿದಾ ಮೊದಲು ಸಿನಿಮಾ ಸ್ಟುಡಿಯೋಗಳಲ್ಲಿ ಪರದೆ ಬರೆಯುತ್ತಿದ್ದವರು. ಡೈರೆಕ್ಟರು ಬೆಳಗ್ಗೆ ಹಿಮಾಲಯ ಕೇಳಿ ಮಧ್ಯಾಹ್ನ ಸಮುದ್ರ ಬೇಕೆಂದರೆ, ಊಟ ಮುಗಿಸಿ ಬರುವಷ್ಟರಲ್ಲಿ ಸಮುದ್ರ ಮಾಡಿಡುತ್ತಿದ್ದರಂತೆ. ಗಿರಾಕಿ ಏನು ಹೇಳಿದರೂ ಇಲ್ಲ ಅನ್ನುವ ಅಭ್ಯಾಸವೇ ಅವರಿಗಿರಲಿಲ್ಲ. ದೋಣಿ ಎಳೆಯುವವರನ್ನೇ ಬರೆಸಿದೆ. ಚಿತ್ರ ಥೇಟು ಗಣಿತ ಪುಸ್ತಕದ ಮೇಲಿದ್ದಂತೆಯೇ ಬಂತು. ಹಾಲ್‌ನ ಗೋಡೆಗೆ ತೂಗುಹಾಕಿದೆ.

ಶ್ರಾವಣದಲ್ಲಿ ಗೃಹಪ್ರವೇಶಕ್ಕೆಂದು ಮೈಸೂರಿನಿಂದ ಅತ್ತೆ ಬಂದರು. ಚಪ್ಪಲಿ ಬಿಡುವ ಮೊದಲೇ ಅವರ ಕಣ್ಣು ಗೋಡೆಯ ಮೇಲೆ ಬಿತ್ತು. ಅಳಿಯನನ್ನು ಬೈಯುವಂತಿಲ್ಲವಾದ್ದರಿಂದ ಮಗಳ ಕಡೆ ತಿರುಗಿದರು.

"ತುಂಬಿದ ದೋಣೀನ ತಲೆಬಾಗಿಲ ಕಡೆಗೆ ಎಳ್ಕೊಂಡು ಹೋಗ್ತಿದಾರಲ್ಲೇ, ಲಕ್ಷ್ಮಿ ಇವರ ಹಿಂದೇನೇ ಹೊರಟುಬಿಡ್ತಾಳೆ. ಅದೂ ಅಲ್ದೆ, ಇಷ್ಟು ಹಸಿದವರನ್ನ ಎದುರಿಗೆ ನಿಲ್ಲಿಸ್ಕೊಂಡು ಹೋಳಿಗೆ ಹೆಂಗೆ ತಿನ್ನೋದು?"

ನನ್ನ ಹೆಂಡತಿ ಸುಧಾ ನನ್ನನ್ನು ನೋಡಿದಳು. ನಾನು ಚಿತ್ರವನ್ನು ಹೊತ್ತು ನಿಮಾಯಿದಾ ಹತ್ತಿರ ಓಡಿದೆ. ದೋಣಿ ಒಳಮುಖವಾಗಲಿ, ಮುಖಗಳು ಹೊಟ್ಟೆ ತುಂಬಿದ ಸಭ್ಯರ ಮುಖಗಳಾಗಲಿ ಎಂದೆ. ಮಾದರಿ ಬೇಕೆಂದರು. ಜೇಬಿನಲ್ಲಿ ನಮ್ಮ ಆಫೀಸ್ ಪಿಕ್ನಿಕ್ಕಿನ ಫೋಟೋ ಇತ್ತು. ಇಂಥವರಿರಲಿ ಎಂದು ಕೊಟ್ಟೆ. "ಕೋನೊ ಚಿಂತಾ ನೇಯ್, ದಾದಾ," ಎಂದರು, ಏನೂ ಚಿಂತೆ ಬೇಡ ಅಣ್ಣಾ ಅಂತ.

ಚಿಂತೆ ಇದ್ದದ್ದು ಬೇರೆ ಕಡೆ. ನಮ್ಮ ಅಮೆರಿಕದ ಕ್ಲೈಂಟು ದುರ್ಗಾಪೂಜೆಯ ದಿನಗಳಲ್ಲೇ ಸಾಫ್ಟ್‌ವೇರ್ ಕೈಗೆ ಬರಬೇಕೆಂದು ಹಟ ಹಿಡಿದಿದ್ದ. ನಾನು ಯಾರನ್ನೂ ಕೇಳದೆ ಒಪ್ಪಿಕೊಂಡಿದ್ದೆ. ಬಂಗಾಳಿ ಹುಡುಗರಿಗೆ ಪೂಜೆಯಲ್ಲಿ ರಜೆ ಇಲ್ಲ ಎನ್ನುವುದೂ ಒಂದೇ, ಕಾಳಿಯ ನಾಲಿಗೆ ಎಳೆಯುವುದೂ ಒಂದೇ. ತಂಡಕ್ಕೆ ತಂಡವೇ ರಾಜೀನಾಮೆ ಬಿಸಾಡಿ ಪಕ್ಕದ ಕಂಪನಿಗೆ ನಡೆದುಬಿಡುವ ಕಾಲ ಅದು. ಆದ್ದರಿಂದ ಎಲ್ಲರನ್ನೂ ಗೃಹಪ್ರವೇಶಕ್ಕೆ ಕರೆದು, ಹೋಳಿಗೆಗೆ ತುಪ್ಪ ಸುರಿದು, ಹೊಟ್ಟೆ ಮೆತ್ತಗಾದಾಗ ವಿಷಯ ಹೇಳುವುದೆಂದು ಲೆಕ್ಕ ಹಾಕಿದ್ದೆ.

ಗೃಹಪ್ರವೇಶದ ದಿನ ಬೆಳಗ್ಗೆ ನಾನು ಹೋಮದ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಗ ನಿಮಾಯಿದಾ ಬಂದು, ತಾವೇ ಚಿತ್ರ ತೂಗುಹಾಕಿ ಹೋದರು. ಊಟದ ಹೊತ್ತಿಗೆ ಹೊಗೆ ಕರಗಿತು. ಹುಡುಗರೆಲ್ಲ ಗೋಡೆಯ ಮುಂದೆ ಗುಂಪು ಕಟ್ಟಿದ್ದರು. ಕಲಾರಸಿಕರು ಎಂದು ಸಂತೋಷಪಡುತ್ತ ಹತ್ತಿರ ಹೋದೆ.

ಆ ಪಿಕ್ನಿಕ್ ಫೋಟೋ ಹಗ್ಗ ಜಗ್ಗಾಟದ್ದು. ನಿಮಾಯಿದಾರಿಗೆ ಅಷ್ಟು ಅನುಕೂಲವಾದದ್ದು ಬೇರೇನಿತ್ತು? ರಷ್ಯದ ನದಿಯ ದಡದಲ್ಲಿ ನನ್ನ ಇಡೀ ತಂಡ ಹಲ್ಲು ಕಚ್ಚಿ ದೋಣಿ ಎಳೆಯುತ್ತಿತ್ತು, ಕೊರಳಲ್ಲಿ ಆಫೀಸಿನ ಗುರುತಿನ ಚೀಟಿಯ ಸಮೇತ. ಫೋಟೋದ ಮೂಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೊಡೆ ಹಿಡಿದು ಕೂತಿದ್ದ ನನ್ನನ್ನು, ಕುರ್ಚಿ ಸಮೇತ ಎತ್ತಿ ದೋಣಿಯೊಳಗೆ ಕೂರಿಸಿದ್ದರು.

ಬೆಂಗಳೂರಿನಿಂದ ಬಂದು ನಮ್ಮ ತಂಡ ಸೇರಿದ್ದ ಪ್ರವೀಣ ಬಹಳ ಹೊತ್ತು ನೋಡಿ, ವಿನಯದಿಂದಲೇ ಕೇಳಿದ: "ಸಾರ್, ಈ ದೋಣಿ ಯಾವತ್ತು ದಡ ಸೇರ್ಬೇಕು? ಪೂಜೆ ಆದ್ಮೇಲಾ, ಪೂಜೆ ದಿನಾನೇನಾ?"

ಸುದ್ದಿ ಆಗಲೇ ಸೋರಿತ್ತು. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಪೂಜೆ ಆದಮೇಲೆ ಎಂದುಬಿಟ್ಟೆ. ಹುಡುಗರು ಎರಡೆರಡು ಹೋಳಿಗೆ ಹೆಚ್ಚಿಗೆ ತಿಂದರು. ದೋಣಿ ಒಳಗೆ ಬರುತ್ತಿದೆಯೆಂದು ಅತ್ತೆಯೂ ತೃಪ್ತರಾದರು. ಸೋಮವಾರ ಕ್ಲೈಂಟಿನ ಕೈಕಾಲು ಹಿಡಿದು ಗಡುವು ಮುಂದೂಡಿಸಿ, ಅದಕ್ಕಾಗಿ ನಮ್ಮ ಬಾಸಿನಿಂದ ಮಂಗಳಾರತಿ ಮಾಡಿಸಿಕೊಂಡೆ.

ಅಷ್ಟು ಬೈಸಿಕೊಂಡ ಮೇಲೆ ನಾನೂ ದುಡಿಯುವ ವರ್ಗಕ್ಕೆ ಸೇರಿದವನೇ ಎಂಬ ಭಾವನೆ ಉಕ್ಕಿ ಬಂತು. ಸಂಜೆಯೇ ನಿಮಾಯಿದಾ ಹತ್ತಿರ ಹೋಗಿ, ನನ್ನನ್ನು ದೋಣಿಯಿಂದ ಇಳಿಸಿ ಹುಡುಗರ ಜೊತೆ ಹಗ್ಗಕ್ಕೆ ಹಚ್ಚಿ ಎಂದು ಕೇಳಿಕೊಂಡೆ. ಹಿಮಾಲಯವನ್ನು ಸಮುದ್ರ ಮಾಡಿದ್ದ ಆ ಮನುಷ್ಯ ಕುಂಚ ಕೆಳಗಿಟ್ಟು, ನನ್ನ ಹೊಟ್ಟೆಯನ್ನೊಮ್ಮೆ, ಕೈಗಳನ್ನೊಮ್ಮೆ ನೋಡಿ ತಲೆಯಾಡಿಸಿದರು.

"ಆಗೋದಿಲ್ಲ ದಾದಾ. ನೋಡಿದವರು ನಂಬಬೇಕಲ್ಲ."