ಬೂಟು ಬಿಟ್ಟು ಒಳಗ ಬರ್ರಿ

ಬೂಟು ಹಾಕ್ಕೊಂಡು ಊರೂರು ತಿರಗಾವ್ರ ಬಾಳೇದಾಗ ಇಂಥವು ಆಗತಾನ ಇರತಾವು. ನನಗ ಒಮ್ಮಿನೂ ಆಗಿಲ್ಲ ಅನ್ನಾವ ಚಪ್ಲಿ ಹಾಕ್ಕೊಂಡಾವ ಇರಬೇಕು, ಇಲ್ಲಾ ಮೂಗು ಕಟಗೊಂಡಾವ ಇರಬೇಕು.

ನಾನು ಜಮಖಂಡ್ಯಾವ. ಕಂಪನಿ ಔಷಧ ಡಾಕ್ಟರಿಗೆ ತೋರಸೂದು ನನ್ನ ಉದ್ಯೋಗ. ಇವತ್ತ ಮುಧೋಳ, ನಾಳಿ ಬೀಳಗಿ, ನಾಡದ ರಬಕವಿ-ಬನಹಟ್ಟಿ, ಎಲ್ಲಾ ಬೈಕಿನ ಮ್ಯಾಲ. ಕರಿ ಬೂಟು ಹಾಕಲೇಬೇಕಂತ ಕಂಪನಿ ಕಾಯ್ದೆ. ಆ ಕಾಯ್ದೆ ಮಾಡಿದ ಪುಣ್ಯಾತ್ಮ ಎಸಿ ಖೋಲ್ಯಾಗ ಕುಂತಿರಬೇಕು. ಒಮ್ಮಿ ಬ್ಯಾಸಗ್ಯಾಗ ಅನಗವಾಡಿ ದಾರಿ ಹಿಡದ ನೋಡಲಿ, ಬೂಟಿನಾಗ ಕಾಲು ಹೆಂಗ ಕುದೀತಾವು ಅಂತ ತಿಳೀತೈತಿ.

ಬೂಟು ನಾರಿದ್ರ ನಾರಲಿ ಅಂತ ಬಿಡಬಹುದಿತ್ತು. ಆದ್ರ ನನ್ನ ಮದುವಿ ಆಗಬೇಕಲ್ರೀ! ಹೆಣ್ಣು ನೋಡಾಕ ಹೋದಲ್ಲೆಲ್ಲ ಬಾಗಲದಾಗ ಬೂಟು ಬಿಡಬೇಕು. ನಾನು ಬೂಟು ಬಿಟ್ಟೆ ಅಂದ್ರ ಹೆಣ್ಣಿನ ಅಪ್ಪ ಎದ್ದು ಕಿಡಕಿ ತಗೀತಿದ್ದ. ಚಹಾ ಮುಗಿಯೂ ಮುಂಚೇನ 'ತಿಳಸ್ತೇವ್ರಿ' ಅಂತಿದ್ರು. ಚಿಮ್ಮಡದಾಗೂ ಹಂಗ ಆತು, ಲೋಕಾಪುರದಾಗೂ ಹಂಗ ಆತು. ಅವ್ವ ನನ್ನ ಜಾತಕ ಕೆಟ್ಟೈತಿ ಅಂತ ತಿಳಕೊಂಡಿದ್ಲು. ಕೆಟ್ಟಿದ್ದು ಕಾಲುಚೀಲ.

ಡಾಕ್ಟರು ಹಿಡದ ರೋಗ

ಮುಧೋಳದ ಒಬ್ಬ ಡಾಕ್ಟರ ದವಾಖಾನ್ಯಾಗ 'ಪಾದರಕ್ಷೆ ಹೊರಗ ಬಿಡ್ರಿ' ಅಂತ ಬೋರ್ಡು ಐತಿ. ಬಿಟ್ಟು ಒಳಗ ಹೋದೆ. ಒಬ್ಬ ಅಜ್ಜ ಡಾಕ್ಟರ ಮುಂದ ಕುಂತಿದ್ದ. ನಾನು ಗ್ವಾಡಿಗೆ ನಿಂತೆ.

ಡಾಕ್ಟರು ಒಮ್ಮಿ ಉಸರ ಎಳಕೊಂಡ್ರು. ಅಜ್ಜನ ಕಡೆ ಬಗ್ಗಿ, "ಸಕ್ಕರಿ ಬ್ಯಾನಿ ಐತೇನು? ಕಾಲಾಗಿನ ಗಾಯ ಎಷ್ಟ ದಿನದ್ದು? ಮುಚ್ಚಿ ಇಡಬ್ಯಾಡ, ತೋರಸು" ಅಂದ್ರು.

"ಗಾಯ ಎಲ್ಲೈತ್ರಿ? ನಾ ಕೆಮ್ಮಿಗೆ ಬಂದೇನಿ" ಅಂದ ಅಜ್ಜ.

ಡಾಕ್ಟರು ಬಿಡಲಿಲ್ಲ. ಅಜ್ಜನ ಎರಡೂ ಕಾಲು ಎತ್ತಿಸಿ ಬೆರಳ ಸಂದಿ ಎಲ್ಲಾ ನೋಡಿದ್ರು. ಕಾಲು ಪುಟಾಣಿ ಕೂಸಿನ ಕಾಲ ಇದ್ದಂಗಿದ್ವು. ಆಮ್ಯಾಲ ಅವರ ಕಣ್ಣು ನಿಧಾನಕ ನನ್ನ ಕಾಲುಚೀಲದ ಮ್ಯಾಲ ಬಂದು ನಿಂತ್ವು. ನನಗ ಭೂಮಿ ಬಾಯಿ ಬಿಡಬಾರದೇನು ಅನಿಸಿತು.

"ಒಂದ ಜೋಡ ಬೂಟನ್ನ ದಿನಾ ಹಾಕಬ್ಯಾಡಪಾ. ಎರಡ ಇಟ್ಟಕೋ, ಒಂದು ಒಣಗಲಿ. ನೈಲಾನ್ ಚೀಲ ಬಿಟ್ಟು ಹತ್ತಿದು ಹಾಕು, ದಿನಾ ಬದಲಸು. ಬೆರಳ ಸಂದಿ ಒರಸಿಕೋ" ಅಂದ್ರು. ಹ್ಞೂಂ ಅಂತ ಗೋಣು ಹಾಕಿ, ಹೊಸ ಔಷಧದ ಚೀಟಿ ಮುಂದ ಇಟ್ಟೆ.

ಅಜ್ಜ ಬಾಗಲದಾಗ ತಿರಗಿ ನಿಂತು ಡಾಕ್ಟರಿಗೆ ಹೇಳಿದ: "ಸಾಹೇಬ್ರ, ಇವನ ಔಷಧ ಮಾತ್ರ ನನಗ ಬರೀಬ್ಯಾಡ್ರಿ."

ಬಸ್ಸಿನಾಗ ದೇವರು

ಡಾಕ್ಟರ ಮಾತು ಕೇಳಿದ್ನೇನು? ಇಲ್ಲ. ನಮ್ಮ ಮನ್ಯಾಗ ಅವ್ವನ ಮಾತ ಮುಂದ. ಅಕಿ ಬೂಟಿಗೆ ಲೋಬಾನದ ಹೊಗಿ ಹಾಕಿ, ಒಳಗ ಕರ್ಪೂರ ಪುಡಿ ಮಾಡಿ ತುಂಬಿದ್ಲು. ಅವತ್ತ ಬೈಕು ರಿಪೇರಿಗೆ ಬಿಟ್ಟಿದ್ದೆ. ಮುಧೋಳದಾಗ ಲೋಕಾಪುರದ ಬಸ್ಸು ಹತ್ತಿದೆ.

ಮಗ್ಗಲಿಗೆ ಕುಂತ ಆಯಿ ಒಬ್ಬಾಕಿ ಕಣ್ಣು ಮುಚ್ಚಿ ವಾಸನಿ ತಗೊಂಡ್ಲು. "ಆಹಾ, ಎಲ್ಲೋ ಮಂಗಳಾರತಿ ನಡದೈತಿ!" ಅಂತ ಕೈ ಮುಗದ್ಲು. ಮುಂದಿನ ಸೀಟಿನಾವ್ರೂ ಮುಗದ್ರು. ಕಂಡಕ್ಟರ್ ಸೈತ ಟೋಪಿಗಿ ತಗದು ಎದಿ ಮುಟ್ಟಿಕೊಂಡ. ನಾನು ಕಾಲು ಸೀಟಿನ ಕೆಳಗ ಸರಿಸಿಕೊಂಡೆ. ಖರೆ ಹೇಳ್ತೇನಿ, ಭಾಳ ದಿನದ ಮ್ಯಾಲ ನಾಕ ಮಂದಿ ನಡಬರಕ ಆರಾಮ ಕುಂತಿದ್ದೆ.

ಬಿಸಿಲು ಏರಿತು. ಬಸ್ಸಿನ ತಗಡು ಕಾದ್ವು. ಕರ್ಪೂರ ಎಷ್ಟೊತ್ತು ತಾಳೀತು? ಆರಿ ಹೋತು, ಅದರ ಕೆಳಗಿದ್ದದ್ದು ಮ್ಯಾಲ ಬಂತು. ಆಯಿ ಮುಗದ ಕೈ ಬಿಟ್ಟು ಸೆರಗು ಮೂಗಿಗೆ ಹಿಡದ್ಲು.

"ಮುಧೋಳದಾಗ ಹತ್ತಿದ್ದ ದೇವರು ಲೋಕಾಪುರ ಬರೂ ಮುಂಚೇನ ಇಳದ ಹೋತು ನೋಡ್ರಿ" ಅಂದ್ಲು.

ಕಳ್ಳ ನಾಯಿ

ನಮ್ಮ ಓಣ್ಯಾಗ ಒಂದು ಕೆಂಪ ನಾಯಿ ಇತ್ತು. ಅದಕ್ಕ ಚಪ್ಲಿ ಕದಿಯೋ ಚಟ. ಬಾಗಲಾಗ ಬಿಟ್ಟಿದ್ದೆಲ್ಲಾ ಬಾಯಾಗ ಕಚ್ಚಿಕೊಂಡು ಹೋಗಿ ಕಡದ ಹಾಕ್ತಿತ್ತು.

ನಾನೊಂದಿನ ಬೂಟು ಕಟ್ಟಿ ಮ್ಯಾಲ ಬಿಸಿಲಿಗೆ ಇಟ್ಟಿದ್ದೆ. ನಾಯಿ ಬಂತು, ಒಂದು ಬೂಟು ಕಚ್ಚಿಕೊಂಡು ಓಡಿತು. "ಹೋತಲ್ಲೇ ಬೂಟು!" ಅಂತ ಬಡಿಗಿ ಹಿಡದು ಬೆನ್ನು ಹತ್ತಿದೆ. ಓಣಿ ತಿರುವಿನಾಗ ನಾಯಿ ನಿಂತಿತು. ಬೂಟು ಕೆಳಗ ಇಟ್ಟು ಒಮ್ಮಿ ಮೂಸಿತು, ಒಮ್ಮಿ ಸೀನಿತು. ಮತ್ತ ತುದಿ ಹಲ್ಲಿನಾಗ ಹಿಡದು ತಂದು ಎಲ್ಲಿಂದ ಒಯ್ದಿತ್ತೋ ಅಲ್ಲೇ ಇಟ್ಟು ಹೋತು.

ಎದರಿನ ಮನಿ ಕಾಕು ಇದನ್ನೆಲ್ಲಾ ನೋಡಿದ್ಲು. ನಗತಾಳ ಅಂದ್ಕೊಂಡ್ರ ನಗಲಿಲ್ಲ. ಸಂಜಿಗೆ ಮನಿಗೆ ಬಂದು ಅವ್ವಗ ಕೇಳಿದ್ಲು: "ಅಕ್ಕಾರ, ರಾತ್ರಿಗಷ್ಟ ನಿಮ್ಮ ಹುಡುಗನ ಬೂಟು ಕೊಡ್ರಿ, ನಮ್ಮ ಚಪ್ಲಿ ನಡಬರಕ ಇಡತೇನಿ."

ಕುಣ್ಯಾಗಿನ ಇಲಿ

ಇಷ್ಟಾದ ಮ್ಯಾಲ ಬನಹಟ್ಟಿ ಸಂಬಂಧ ಬಂತು. ನೇಕಾರ ಮನಿ. ಅವ್ವ ಮೊದಲ ಹೇಳಿಬಿಟ್ಟಿದ್ಲು: "ಇದೂ ತಪ್ಪಿತಂದ್ರ ಇನ್ನ ಹೆಣ್ಣು ಕೇಳಾಕ ನಾ ಯಾರ ಮನಿ ಹೊಸ್ತಲಾನೂ ತುಳಿಯೂದಿಲ್ಲ." ಯಾರೋ ಹೇಳಿದ್ರಂತ ಬೂಟಿನಾಗ ಅಡಗಿ ಸೋಡಾ ತುಂಬಿಕೊಂಡು ಹೋದೆ.

ಪಡಸಾಲ್ಯಾಗ ಕೈಮಗ್ಗ. ನೇಯಾವ್ರು ಕಾಲು ಇಳಿಬಿಟ್ಟು ಕುಂದರೂ ಕುಣಿ ಅದರ ಕೆಳಗ. ಮಗ್ಗದ ಮಗ್ಗಲಕ ಚಾಪಿ ಹಾಸಿದ್ರು. ಅವ್ವ, ಸೋದರಮಾವ, ನಾನು ಕುಂತ್ವಿ. ಹುಡುಗಿ ಅವಲಕ್ಕಿ ತಂದು ಕೊಟ್ಟು ಒಳಗ ಹೋದ್ಲು. ಅಕಿ ಮಾರಿ ನೋಡಿದ್ನೋ ಇಲ್ಲೋ, ಮನಸ್ಸು ಅಲ್ಲೇ ಕುಂತು ಬಿಡ್ತು.

ಅಷ್ಟರಾಗ ಮೂಲ್ಯಾಗ ಕುಂತಿದ್ದ ಹುಡುಗಿಯ ಅಜ್ಜಿ ಮೂಗು ಏರಿಸಿದ್ಲು. "ಏ, ಇಲಿ ಸತ್ತೈತಿ!"

ನೇಕಾರ ಮನ್ಯಾಗ ಇದು ಸಣ್ಣ ಮಾತಲ್ಲ. ನೂಲಿಗೆ ಗಂಜಿ ಹಾಕಿರತಾರ, ಆ ಗಂಜಿ ಆಸೆಕ್ಕ ಇಲಿ ಬಂದು ಮಗ್ಗಕ್ಕ ಉದ್ದಕ ಕಟ್ಟಿದ ಹಾಸಿನ ಎಳಿ ಕಡೀತಾವು. ಹುಡುಗಿ ಅಪ್ಪ ಬೀಗರ ಮುಂದ ನಾಚಿ ನೀರಾಗಿ, ಬ್ಯಾಟರಿ ಹಿಡದು ಮಗ್ಗದ ಕೆಳಗ ಬಗ್ಗಿದ. ನಾನು ಸುಮ್ಮಕ ಕುಂದರಬೇಕಿತ್ತು. ಕಳ್ಳನ ಮನಸ್ಸು ಹುಳ್ಳಹುಳ್ಳಗ ಅಂತಾರಲ್ಲ, "ನೀವು ಕುಂದರ್ರಿ, ನಾ ನೋಡ್ತೇನಿ" ಅಂತ ಬ್ಯಾಟರಿ ಇಸಗೊಂಡು ಕುಣ್ಯಾಗ ಇಳದೆ.

ಅಜ್ಜಿ ಕೂಗಿದ್ಲು: "ಹಾಂ! ಈಗ ಕುಣ್ಯಾಗಿಂದ ಬರಾಕತ್ತೈತಿ!"

ನಾನು ಬಲಕ್ಕ ಸರದೆ. "ಬಲಕ್ಕೈತಿ!" ಎಡಕ್ಕ ಸರದೆ. "ಎಡಕ್ಕ ಹೋತು!" ಸೋದರಮಾವ, "ಸತ್ತ ಇಲಿ ಹೆಂಗ ಓಡ್ಯಾಡತೈತ್ರಿ?" ಅಂದ. ಅವ್ವ ತಲಿ ಮ್ಯಾಲ ಕೈ ಹೊತ್ತು ಕುಂತ್ಲು. ನನಗ ದಳದಳ ಬೆವರು. ಆತು, ಈ ಸಂಬಂಧಾನೂ ಹೋತು, ಹಿಂಗ ಕುಣ್ಯಾಗ ಉಳದು ಬಿಡೂನು ಅನಿಸಿತು.

ಆಗ ಹುಡುಗಿ ಹಿತ್ತಲ ಬಾಗಲದಿಂದ ಕಸಬರಿಗಿ, ಮೊರ ಹಿಡದು ಬಂದ್ಲು. "ನೀವು ಮ್ಯಾಲ ಬರ್ರಿ, ನಿಮಗ ಮಗ್ಗ ಗೊತ್ತಾಗೂದಿಲ್ಲ" ಅಂದು ಹಾಸಿನ ಹಿಂದ ಬಗ್ಗಿದ್ಲು. ಎದ್ದಾಗ ಮೊರದಾಗ ದಪ್ಪನ ಇಲಿ!

ಸತ್ತ ಇಲಿ ನೋಡಿ ಅಷ್ಟು ಖುಷಿ ಪಟ್ಟ ಮನಶಾ ಜಗತ್ತಿನಾಗ ನಾ ಒಬ್ಬನ ಇರಬೇಕು. ಅಜ್ಜಿ ಮೂಸಿ ನೋಡಿ, "ಇದ! ಇದರದ್ದ ವಾಸನಿ!" ಅಂತ ಪಕ್ಕಾ ಮಾಡಿದ್ಲು. ಹುಡುಗಿ ಅಪ್ಪ ಕೈ ಮುಗದು ನಮಗ ಮಾಫಿ ಕೇಳಿದ. ಸೋದರಮಾವ ದೊಡ್ಡ ಮನಸ್ಸು ಮಾಡಿ, "ಇರಲಿ ಬಿಡ್ರಿ, ನಾವೇನ ತಪ್ಪ ತಿಳಕೊಳ್ಳೂದಿಲ್ಲ" ಅಂದ. ಹುಡುಗಿ ನನಗ ಒಂದು ಕೊಡ ನೀರು, ಸಾಬಾಣ ಕೊಟ್ಟು, "ಕುಣ್ಯಾಗಿನ ಧೂಳು ಹತ್ತೈತಿ, ಕಾಲು ತೊಳಕೊಳ್ರಿ. ಚಹಾ ಹೊರಗ ಕಟ್ಟಿ ಮ್ಯಾಲ ಕುಡಿಯೂಣು, ಗಾಳಿ ಐತಿ" ಅಂದ್ಲು. ಎಂಥಾ ಸಂಸ್ಕಾರದ ಹುಡುಗಿ ಅಂತ ಅವ್ವ ಅಲ್ಲೇ ಒಪ್ಪಿಬಿಟ್ಲು.

ಮದುವಿ ಆತು. ಈಗ ನನಗ ಎರಡು ಜೋಡ ಬೂಟು, ಹತ್ತಿ ಕಾಲುಚೀಲ. ಸಂಜಿಗೆ ನಾ ಬಂದ ಕೂಡ್ಲೆ ಅಕಿ ಬೂಟಿನಾಗ ಕಾಲಡಿ ಇರೋ ಅಟ್ಟಿ ತಗದು ಬಿಡತಾಳ, ಮುಂಜಾನೆ ಬಿಸಿಲಿಗೆ ಇಡತಾಳ. ವಾಸನಿ ಹೆಸರಿಲ್ಲ. ದವಾಖಾನ್ಯಾಗ ಧೈರ್ಯದಿಂದ ಬೂಟು ಬಿಡತೇನಿ. ದೇವರ ಆಣಿ, ಹಗರ ಆಗೇನಿ.

ಮೊನ್ನಿ ಅಕಿ ಬೂಟಿನಾಗ ಹಳಿ ಪೇಪರ್ ತುರುಕಾಕತ್ತಿದ್ಲು. ನಾನಂದೆ, "ಅವತ್ತ ಆ ಇಲಿ ಸಿಗಲಿಲ್ಲಂದ್ರ ನನ್ನ ಗತಿ ಏನಿತ್ತಲೇ?"

"ಅದೆಲ್ಲಿ ಸಿಕ್ಕಿತ್ರಿ? ಅವತ್ತ ಮುಂಜಾನೆ ಬೋನಿಗೆ ಬಿದ್ದು ಸತ್ತಿತ್ತು, ಹಿತ್ತಲಾಗ ಒಗದಿದ್ದೆ. ಅದನ್ನ ಮೊರದಾಗ ಹಾಕಿ, ಮ್ಯಾಲ ಕಸಬರಿಗಿ ಮುಚ್ಚಿಕೊಂಡು ಬಂದೆ."

"ಅಂದ್ರ ವಾಸನಿ ಯಾರದಂತ ನಿನಗ ಗೊತ್ತಿತ್ತು?"

"ಬಾಗಲದಿಂದ ಚಾಪಿ ತನಕ ಸೋಡಾದ ಬಿಳಿ ಹೆಜ್ಜಿ ಮೂಡಿದ್ವು. ಒರಸಿದಾಕಿ ನಾನ."

"ಮತ್ತ ಯಾಕ ಒಪ್ಪಿದಿ ಮಾರಾಯ್ತಿ?"

ಬೂಟು ಕೆಳಗಿಟ್ಟು ಹೊಟ್ಟಿ ಹಿಡಕೊಂಡು ನಕ್ಕಳು. "ಕಾಲಿನ ವಾಸನಿ ತೊಳದ್ರ ಹೋಕ್ಕೈತಿ. ತನ್ನ ಕಾಲಿನ ವಾಸನಿ ಹುಡುಕಾಕ ತಾನ ಬ್ಯಾಟರಿ ಹಿಡದು ಕುಣ್ಯಾಗ ಇಳಿಯೋ ವರ ಬನಹಟ್ಟಿಗೆ ದಿನಾ ಬರತಾನೇನ್ರಿ?"