ಕೆಮಿಸ್ಟ್ರಿ ಓದಿದವನ ಸಂಬಳ

ಸಾಲದ ಅರ್ಜಿಗೆ ಸಹಿ ಹಾಕಲು ಅಬ್ಬಾಸ್ ಪೆನ್ನಿನ ಮುಚ್ಚಳ ತೆಗೆದಿದ್ದ. ಅಷ್ಟರಲ್ಲಿ ಬ್ಯಾಂಕಿನ ಮ್ಯಾನೇಜರ್ ನಿತ್ಯಾನಂದರು ಒಂದು ಪ್ರಶ್ನೆ ಕೇಳಿಬಿಟ್ಟರು. ಅವರು ಸುಮ್ಮನಿದ್ದಿದ್ದರೆ ಅಬ್ಬಾಸನಿಗೆ ಆ ದಿನ ಬಂಟ್ವಾಳದ ಬಸ್ಸು ಹತ್ತುವ ಗ್ರಹಚಾರ ಬರುತ್ತಿರಲಿಲ್ಲ.

"ಅಲ್ಲ ಅಬ್ಬಾಸರೇ, ಮಗಳು ಎಮ್ಮೆಸ್ಸಿ ಕೆಮಿಸ್ಟ್ರಿ ಮುಗಿಸಿದರೆ ತಿಂಗಳಿಗೆ ಎಷ್ಟು ಸಿಗ್ತದೆ ಅಂತ ವಿಚಾರಿಸಿದ್ದೀರಾ? ನಾಲ್ಕು ಲಕ್ಷಕ್ಕೆ ಕಂತು ಏಳು ಸಾವಿರದ ಹತ್ತಿರ ಬರ್ತದೆ. ಅವಳಿಂದ ಆಗದಿದ್ದರೆ ನೀವೇ ಕಟ್ಟಬೇಕು."

ಪಕ್ಕದಲ್ಲಿ ಕುಳಿತಿದ್ದ ಮಗಳು ಫಿದಾ, "ಸುರುವಿಗೆ ಹದಿನೆಂಟು ಸಾವಿರ ಸಿಗ್ತದೆ ಉಪ್ಪ. ಆಮೇಲೆ ಹೆಚ್ಚಾಗ್ತದೆ" ಎಂದಳು.

ಹದಿನೆಂಟರಲ್ಲಿ ಏಳು ಕಳೆದರೆ ಹನ್ನೊಂದು. ರೂಮಿನ ಬಾಡಿಗೆ, ಊಟ, ಬಸ್ಸು ಎಲ್ಲ ಕಳೆದ ಮೇಲೆ ಉಳಿಯುವುದು ಕೆಮಿಸ್ಟ್ರಿ ಮಾತ್ರ. ಅಬ್ಬಾಸ್ ಪೆನ್ನಿನ ಮುಚ್ಚಳ ಹಾಕಿದ. ಬೆಳ್ತಂಗಡಿ ಪೇಟೆಯಲ್ಲಿ ಮೂವತ್ತು ವರ್ಷದಿಂದ ಚಪ್ಪಲಿ ಅಂಗಡಿ ಇಟ್ಟವನು ಅವನು. ಗಿರಾಕಿಗಳನ್ನು ನಾಲ್ಕು ಹೆಜ್ಜೆ ನಡೆಸಿ ನೋಡದೆ ಒಂದು ಹವಾಯಿ ಚಪ್ಪಲಿಯನ್ನೂ ಮಾರಿದವನಲ್ಲ. ಫಿದಾಳಿಗೆ ಸಿಕ್ಕಿದ ಮಿಜಾರಿನ ಕಾಲೇಜಿನ ಎಮ್ಮೆಸ್ಸಿ ಸೀಟನ್ನು ಮಾತ್ರ ಕಾಲಿಗೆ ಹಾಕಿ ನೋಡುವ ಹಾಗಿರಲಿಲ್ಲ. ಸಂಜೆ ನಾಲ್ಕರೊಳಗೆ ಸಹಿ ಆಗದಿದ್ದರೆ ಆ ಸೀಟು ನಾಳೆ ಬೇರೆಯವರ ಪಾಲು. ಫಿದಾಳ ಮುಖ ನೋಡಿದರೆ ಪಾಪ ಅನ್ನಿಸುತ್ತಿತ್ತು, ನಾಲ್ಕು ಲಕ್ಷ ನೆನೆದರೆ ಪೆನ್ನಿನ ಮುಚ್ಚಳ ಇನ್ನಷ್ಟು ಬಿಗಿಯಾಗುತ್ತಿತ್ತು.

ಅಂಗಡಿಗೆ ಮರಳಿದವನ ಕಷ್ಟ ಕೇಳಿ ಪಕ್ಕದ ಬೇಕರಿಯ ಶಾಫಿ ನಕ್ಕ. ಊರಿನವರ ಯಾವ ಸಮಸ್ಯೆಯನ್ನೂ ಶಾಫಿ ಸುಮ್ಮನೆ ಬಿಟ್ಟದ್ದಿಲ್ಲ. ಬಂಟ್ವಾಳದಲ್ಲಿ ಹಾರಿಸ್ ಎಂಬ ಹುಡುಗನಿದ್ದಾನೆ, ಅದೇ ಕಾಲೇಜಿನಲ್ಲಿ ಅದೇ ಎಮ್ಮೆಸ್ಸಿ ಮಾಡಿದ್ದಾನೆ, ಅದೂ ಸಾಲ ಮಾಡಿಯೇ. ಈಗ ಮಂಗಳೂರಿನ ಕಡೆ ಯಾವುದೋ ಕಂಪೆನಿಯಲ್ಲಿದ್ದಾನೆ ಎಂದು ತಿಳಿಸಿದ.

"ಆದರೆ ಅವನನ್ನೇ ಕೇಳಬೇಡಿ ಅಬ್ಬಾಸ್ ಕಾಕ. ಸ್ವಂತ ಸಂಬಳ ಯಾರು ನಿಜ ಹೇಳ್ತಾರೆ? ಅಕ್ಕಪಕ್ಕದವರನ್ನು ವಿಚಾರಿಸಿ" ಎಂದು ಬುದ್ಧಿ ಹೇಳಿದ.

ಹನ್ನೊಂದೂವರೆಗೆ ಅಬ್ಬಾಸ್ ಬಂಟ್ವಾಳದ ಒಂದು ಹೋಟೆಲಿನಲ್ಲಿ ಚಾ ಕುಡಿಯುತ್ತಿದ್ದ. ಸುಮ್ಮಸುಮ್ಮನೆ ಪರರ ಸಂಬಳ ಕೇಳುವುದು ಸರಿಯಲ್ಲವೆಂದು ಮೊದಲು ತನ್ನ ಪರಿಚಯ ಹೇಳಿಕೊಂಡ. ಬೆಳ್ತಂಗಡಿಯಲ್ಲಿ ಸ್ವಂತ ಅಂಗಡಿ, ಒಬ್ಬಳೇ ಮಗಳು, ಬಿಎಸ್ಸಿ ಮುಗಿಸಿದ್ದಾಳೆ. ಆಮೇಲೆ ಮೆಲ್ಲಗೆ ಹಾರಿಸನ ವಿಷಯ ತೆಗೆದ. ಕೆಲಸ ಪರ್ಮನೆಂಟಾ, ಸಂಬಳ ಎಷ್ಟು, ಸಾಲ ಎಷ್ಟು ಬಾಕಿ? ಆಸಿಡ್ಡಿನ ಮಧ್ಯೆ ದುಡಿಯುವ ಕೆಲಸ ತನ್ನ ಮಗಳ ದೇಹಕ್ಕೆ ಆಗುತ್ತದೋ ಇಲ್ಲವೋ ಎಂಬ ಚಿಂತೆಯೂ ಇತ್ತಲ್ಲ, ಹುಡುಗನಿಗೆ ಕೆಮ್ಮು, ತುರಿಕೆ ಏನಾದರೂ ಉಂಟಾ, ಕೂದಲು ಉದುರುತ್ತದಾ ಎಂದೂ ಕೇಳಿದ.

ಹೋಟೆಲಿನವನು ಅವನನ್ನು ಎಬ್ಬಿಸಿ ಫ್ಯಾನಿನ ಕೆಳಗೆ ಕೂರಿಸಿದ. ನಲವತ್ತು ಸಾವಿರ ಸಂಬಳ, ಸಾಲ ಇನ್ನೇನು ಮುಗಿಯಿತು, ಹುಡುಗ ಅಪ್ಪಟ ಚಿನ್ನ ಎಂದ. ಚಾದ ದುಡ್ಡನ್ನೂ ತೆಗೆದುಕೊಳ್ಳಲಿಲ್ಲ. ಬಂಟ್ವಾಳದವರ ಮರ್ಯಾದೆ ಕಂಡು ಅಬ್ಬಾಸನಿಗೆ ಬಹಳ ಸಂತೋಷವಾಯಿತು.

ಎದುರಿನ ಜೀನಸು ಅಂಗಡಿಗೆ ಬರುವಾಗ ಸಂಬಳ ಐವತ್ತೈದಕ್ಕೆ ಏರಿತ್ತು, ಸಾಲ ಹೋದ ವರ್ಷವೇ ತೀರಿತ್ತು. ಹಾರಿಸನ ನೆರೆಮನೆಯ ಅಜ್ಜಿ ಅವ್ವಮ್ಮನ ಅಂಗಳ ಮುಟ್ಟುವಾಗ ಎಪ್ಪತ್ತು. ಸಾಲವೇ? ಅಂಥ ಹುಡುಗ ಸಾಲ ಮಾಡುತ್ತಾನೆಯೇ? ಕೂದಲಂತೂ ಬಾಚಣಿಗೆ ಮುರಿಯುವಷ್ಟು ದಪ್ಪ. ಇಷ್ಟೆಲ್ಲ ಹೇಳಿದ ಅವ್ವಮ್ಮ, ಅಬ್ಬಾಸನ ಅಂಗಡಿ ಎಲ್ಲಿ, ಮನೆ ಎಲ್ಲಿ ಎಂದು ಕೇಳಿಕೊಂಡು, ಕೊನೆಗೆ ಮಗಳು ಎಷ್ಟು ಎತ್ತರ ಎಂದೂ ಕೇಳಿದರು. ಅಬ್ಬಾಸನಿಗೆ ತಬ್ಬಿಬ್ಬಾಯಿತು. ಲ್ಯಾಬಿನ ಮೇಜು ಎತ್ತರ ಇರುತ್ತದೋ ಏನೋ ಎಂದುಕೊಂಡು, ಐದಡಿ ಮೂರಿಂಚು ಎಂದ.

ವಾಪಸು ಬರುವ ಬಸ್ಸಿನಲ್ಲಿ ತಲೆ ಗಿರ್ರೆಂದಿತು. ಒಬ್ಬನೇ ಹುಡುಗ, ಒಂದೇ ಕೆಲಸ, ಸಂಬಳ ಮಾತ್ರ ಮೂರು ಬಗೆ. ಕೊನೆಗೆ ಎಲ್ಲಕ್ಕಿಂತ ಕಡಿಮೆಯದನ್ನೇ ಹಿಡಿದ. ನಲವತ್ತರಲ್ಲಿ ಏಳು ಹೋದರೂ ಮೂವತ್ತಮೂರು ಉಳಿಯುತ್ತದಲ್ಲ. ಮೂರೂ ಐವತ್ತಕ್ಕೆ ಬ್ಯಾಂಕಿಗೆ ಓಡಿ, ತೋರಿಸಿದ ಕಡೆಯೆಲ್ಲ ಸಹಿ ಹಾಕಿದ.

"ನಿನಗೆಂತ ಗೊತ್ತುಂಟು, ಹದಿನೆಂಟಂತೆ" ಎಂದು ಫಿದಾಳಿಗೆ ಪ್ರೀತಿಯಿಂದಲೇ ಬೈದ. ನಲವತ್ತು ಯಾರು ಹೇಳಿದ್ದೆಂದು ಅವಳು ಕೇಳಿದಾಗ ಹಿರಿಯರು ಎಂದು ಬಾಯಿ ಮುಚ್ಚಿಸಿದ.

ಸಂಜೆಯ ನಮಾಜು ಮುಗಿಸಿ ಬರುವಾಗ ಮನೆಯೆದುರು ಒಂದು ರಿಕ್ಷಾ ನಿಂತಿತ್ತು. ಮನೆಯ ಒಳಗೆ ಅವ್ವಮ್ಮ ಕುಳಿತಿದ್ದರು. ಪಕ್ಕದಲ್ಲಿ ಗುರುತಿಲ್ಲದ ಇನ್ನೊಬ್ಬ ಹೆಂಗಸು. ನಡುವೆ ಹಲ್ವದ ಒಂದು ಡಬ್ಬಿ. ಅಬ್ಬಾಸನ ಹೆಂಡತಿ ಸಾಲಿಹಾ ಅಡುಗೆಮನೆಯ ಬಾಗಿಲಿನಿಂದ ಗಂಡನನ್ನು ನೋಡಿದ ನೋಟಕ್ಕೆ ಹಾಲು ಒಡೆಯಬೇಕು.

"ನಾನು ಹಾರಿಸನ ತಾಯಿ ಝೈನಬ್" ಎಂದರು ಆ ಹೆಂಗಸು. "ನೀವು ನಮ್ಮ ಹುಡುಗನನ್ನು ವಿಚಾರಿಸಿ ಹೋದಿರಂತೆ. ಕೆಮ್ಮಿನಿಂದ ಕೂದಲಿನವರೆಗೆ ಕೇಳಿದ್ದೀರಂತೆ. ನಮಗೆ ಸಂತೋಷ."

ಅಬ್ಬಾಸನಿಗೆ ಆಗ ಅರ್ಥವಾಯಿತು. ತಾನು ವಿಚಾರಿಸಿದ್ದು ಗಂಡನ್ನಲ್ಲ, ಕೆಮಿಸ್ಟ್ರಿಯನ್ನು ಎಂದು ಹೇಳಲು ಬಾಯಿ ತೆರೆದ. ಝೈನಬ್ ಅದಕ್ಕೆ ಎಡೆ ಕೊಡಲಿಲ್ಲ.

"ಸುಳ್ಳು ಹೇಳಿ ಸಂಬಂಧ ಮಾಡುವ ಜನ ನಾವಲ್ಲ. ಅವನಿಗೆ ಕೈಗೆ ಸಿಗುವುದು ಹದಿನೆಂಟು ಸಾವಿರ. ಸಾಲ ಇನ್ನೂ ಮೂರೂವರೆ ಲಕ್ಷ ಉಂಟು."

ಅಬ್ಬಾಸ್ ಅವ್ವಮ್ಮನ ಕಡೆ ತಿರುಗಿ, ಎಪ್ಪತ್ತು ಎಂದಿರಲ್ಲ ಎಂದು ತೊದಲಿದ. ಅವ್ವಮ್ಮ ಕಣ್ಣು ಮಿಟುಕಿಸದೆ ಉತ್ತರ ಕೊಟ್ಟರು.

"ಗಂಡು ವಿಚಾರಿಸಲಿಕ್ಕೆ ಬಂದವರ ಹತ್ರ ಕಡಿಮೆ ಹೇಳಿ ಒಂದು ಹುಡುಗನ ಮದುವೆ ತಪ್ಪಿಸುವುದಾ? ಆ ಪಾಪ ಯಾರಿಗೆ ಬೇಕು?"

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆಯನ್ನು ಅಬ್ಬಾಸ್ ಕೇಳಿದ್ದ. ಅದೇ ಸುಳ್ಳುಗಳಲ್ಲಿ ಒಂದು ಬ್ಯಾಂಕ್ ಸಾಲವನ್ನೂ ಮಾಡಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಅಂಗಿಯ ಕಿಸೆಯಲ್ಲಿದ್ದ ಅರ್ಜಿಯ ಪ್ರತಿ ಎದೆಯನ್ನು ಸುಡುತ್ತಿತ್ತು.

"ನೀವು ಹೆದರಬೇಡಿ" ಎಂದು ಝೈನಬ್ ಸಮಾಧಾನ ಹೇಳಿದರು. "ನಿಮ್ಮ ಮಗಳ ಸಂಬಳ ಸೇರಿದರೆ ನಮ್ಮ ಹಾರಿಸನ ಸಾಲ ಒಂದು ವರ್ಷದಲ್ಲಿ ತೀರ್ತದೆ."

"ಯಾವ ಸಂಬಳ?" ಎಂದು ಕೇಳಿದ್ದು ಸಾಲಿಹಾ.

"ನಾವೂ ವಿಚಾರಿಸಿಯೇ ಬಂದದ್ದಲ್ವಾ? ನಿಮ್ಮ ಅಂಗಡಿಯ ಪಕ್ಕದ ಬೇಕರಿಯವರು ಹೇಳಿದರು. ಹುಡುಗಿಗೆ ಐವತ್ತು ಸಾವಿರದ ಕೆಲಸ ಆಗಿದೆಯಂತೆ. ತಲೆಯ ಮೇಲೆ ಒಂದು ರೂಪಾಯಿ ಸಾಲ ಇಲ್ಲವಂತೆ."

ಚಾದ ತಟ್ಟೆ ಹಿಡಿದು ಬಂದ ಫಿದಾ ಅದನ್ನು ಮೇಜಿನ ಮೇಲಿಟ್ಟು ತಂದೆಯ ಕಿಸೆಯನ್ನೊಮ್ಮೆ ನೋಡಿದಳು.

"ಸಾಲದ್ದು ಶಾಫಿ ಕಾಕ ಸುಳ್ಳು ಹೇಳಿದ್ದಲ್ಲ" ಎಂದಳು. "ಮೂರೂ ಐವತ್ತರವರೆಗೆ ಇರಲಿಲ್ಲ."

ಝೈನಬ್ ಇನ್ನೂ ಬಿಚ್ಚದ ಹಲ್ವದ ಡಬ್ಬಿಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.