ಕಪ್ಪುಚುಕ್ಕೆಯಿಲ್ಲದ ಅಳಿಯ

ತುಗಿಯೋನೊ ಸಾಲದಲ್ಲಿ ಫ್ರೀಜರ್ ಕೊಂಡು, ಕಂತು ಕಟ್ಟದೆ ಕೈಯೆತ್ತಿದ್ದಾನೆ ಎನ್ನುತ್ತಿತ್ತು ಕ್ರೆಡಿಟ್ ರಿಪೋರ್ಟು. ಅವನ ಮನೆಯಲ್ಲಿ ತಣ್ಣಗಿದ್ದದ್ದು ಹೂಜಿಯ ನೀರೊಂದೇ.

ಸಂಜೆ ಕಿನಾಸಿಯ ಮನೆಯಲ್ಲಿ ಹೆಣ್ಣು ಕೇಳುವ ಶಾಸ್ತ್ರ. ಅವಳ ತಂದೆ ಬಾಪಕ್ ಕರ್ಸಿದಿ ಹುಡುಗನ ಮನೆತನ ಕೇಳಲಿಲ್ಲ, ಸಂಪಾದನೆ ಕೇಳಲಿಲ್ಲ. “ರಿಪೋರ್ಟ್ ತಗೊಂಡ್ ಬಾ. ಒಂದ್ ಕಪ್ಪುಚುಕ್ಕೆ ಇದ್ರೂ ನನ್ ಮಗಳನ್ನ ಕೊಡಲ್ಲ” ಎಂದಿದ್ದರು.

ಓಣಿಯವರೆಲ್ಲ ‘ಬು’, ಅಂದರೆ ಅಮ್ಮ, ಎಂದು ಕರೆಯುವ ಪಕ್ಕದ ಮನೆಯ ಬು ಸುಮಿರಾ ಅವನ ಹೆಗಲ ಮೇಲಿಂದ ಇಣುಕಿ ಹಣೆ ಚಚ್ಚಿಕೊಂಡಳು.

“ಅಯ್ಯೋ, ಇದು ನನ್ ಫ್ರೀಜರ್ರು ಕಣೋ! ಹೋದ ವರ್ಷ ನಿನ್ ಗುರುತಿನ ಚೀಟಿ ಇಸ್ಕೊಂಡಿರ್ಲಿಲ್ವಾ?”

“ಬರೀ ಸಾಕ್ಷಿ ಸೈನು ಅಂದಿದ್ರಿ, ಬು!”

“ನಮ್ ಓಣೀಲಿ ಯಾರ ಗಾಡಿ ಯಾರ ಹೆಸರಲ್ಲಿದೆ ಅಂತ ದೇವ್ರಿಗೂ ಗೊತ್ತಿಲ್ಲ, ಬಿಡು. ಸಾಲ ಮಾತ್ರ ಪೂರಾ ತೀರ್ಸಿದೀನಪ್ಪ. ತಪ್ಪು ಅಂಗಡಿಯೋರ್ದು.”

“ರಸೀದಿ ಇದ್ಯಾ?”

“ರಸೀದಿ ಯಾಕೆ? ಫ್ರೀಜರೇ ಇದ್ಯಲ್ಲ! ಕಂತು ಕಟ್ದೇ ಇದ್ದಿದ್ರೆ ಹೊತ್ಕೊಂಡ್ ಹೋಗ್ತಿರ್ಲಿಲ್ವಾ ಅವ್ರು?”

ಹೀಗೆ ಫ್ರೀಜರ್, ಅವಳು ಮಾರುವ ಐಸ್‌ಕ್ಯಾಂಡಿ ಸಮೇತ, ಮದುವಣಗಿತ್ತಿಯಂತೆ ತಳ್ಳುಗಾಡಿ ಏರಿತು. ಸಾಕ್ಷಿ ಹೇಳಲು ಅರ್ಧ ಓಣಿ ದಿಬ್ಬಣವಾಗಿ ಹೊರಟಿತು. ತುಗಿಯೋನೊ ಮಾತ್ರ ಹೆಣಕ್ಕೆ ಹೆಗಲು ಕೊಡಲು ಬಂದವನಂತಿದ್ದ.

ಕಂತಿನ ಅಂಗಡಿಯ ಗುಮಾಸ್ತ ಗುಂಪನ್ನು ಕಂಡವನೇ ಹೆದರಿ ಶಟರ್ ಎಳೆದ. ಬು ಸುಮಿರಾ ಬಗ್ಗಿ, ಸಂದಿಯಿಂದ ಐಸ್‌ಕ್ಯಾಂಡಿ ತೂರಿಸಿದಳು.

“ತಗೊಳಪ್ಪ, ತೆಂಗಿನಕಾಯಿ ಹಾಲಿಂದು. ಬೇಗ ನೋಡು, ಉಳಿದಿದ್ದೆಲ್ಲಾ ಕರಗ್ತಾ ಇದೆ!”

ಶಟರ್ ಮೇಲೆದ್ದಿತು. ಗುಮಾಸ್ತ ಒಂದು ಕೈಯಲ್ಲಿ ಚೀಪುತ್ತ, ಇನ್ನೊಂದರಲ್ಲಿ ಕಂಪ್ಯೂಟರ್ ಕುಟ್ಟಿದ.

“ದುಡ್ಡು ಬಂದಿದೆ, ಬು. ಇನ್ನೊಬ್ಬ ತುಗಿಯೋನೊ ಲೆಕ್ಕಕ್ಕೆ ಜಮಾ ಆಗ್ಬಿಟ್ಟಿದೆ. ನಮ್ದೇ ತಪ್ಪು.”

ಮೇಲಿನವರಿಗೆ ಫೋನು ಹೋಯಿತು, ಅವರಿಗೂ ಕ್ಯಾಂಡಿ ಹೋಯಿತು. ಫ್ರೀಜರ್ ಬರಿದಾಗುವಷ್ಟರಲ್ಲಿ ತಿದ್ದಿದ ರಿಪೋರ್ಟು ತುಗಿಯೋನೊನ ಕೈಯಲ್ಲಿತ್ತು. ಓಣಿಯೆಲ್ಲ ಚಪ್ಪಾಳೆ ತಟ್ಟಿತು.

ಸಂಜೆ ಬಾಪಕ್ ಕರ್ಸಿದಿ ರಿಪೋರ್ಟನ್ನು ದೀಪಕ್ಕೆ ಹಿಡಿದು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಹಿಂದೆ ಮುಂದೆ ಪರೀಕ್ಷಿಸಿದರು. ಆಮೇಲೆ ತುಗಿಯೋನೊನನ್ನು ಬಾಚಿ ತಬ್ಬಿಕೊಂಡರು. ಅವರ ಕಣ್ಣು ಒದ್ದೆಯಾಗಿತ್ತು.

“ಇಂಥಾ ಹೆಸರಿಗೇ ಕಾಯ್ತಿದ್ದೆ ಕಣಯ್ಯಾ! ಬಾತುಕೋಳಿ ಸಾಗ್ಸಕ್ಕೆ ಒಂದು ಪಿಕಪ್ ಗಾಡಿ ಬೇಕು. ನನ್ ಹೆಸರು ಕೇಳಿದ್ರೆ ಸಾಲ ಕೊಡೋರು ದೀಪ ಆರ್ಸಿ ಮಲಗಿಬಿಡ್ತಾರೆ.”

“ಮತ್ತೆ... ಕಂತು, ಮಾವ?”

“ನಾನೇ ಕಟ್ತೀನಿ. ಬಾತುಕೋಳಿ ಮೊಟ್ಟೆ ಇಟ್ರೆ.”

ತುಗಿಯೋನೊ ದಿಕ್ಕುಗಾಣದೆ ಕಿನಾಸಿಯ ಕಡೆ ನೋಡಿದ. ಅವಳು ನಾಚುತ್ತ ಬಂದು ಟೀ ತಟ್ಟೆಯನ್ನು ಅವನ ಮುಂದಿಟ್ಟಳು. ಲೋಟದ ಪಕ್ಕದಲ್ಲಿ ಪೆನ್ನಿತ್ತು, ಮುಚ್ಚಳ ತೆಗೆದದ್ದು.